ಹಳೆಯ ಮನೆ: ಕೆಡಹುವುದೋ, ಉಳಿಸುವುದೋ?

ಹೊಸದುರ್ಗ ತಾಲ್ಲೂಕಿನ ಸದ್ಭಕ್ತರೊಬ್ಬರು ನಮಗೆ ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಅಜ್ಜನವರು ಕಟ್ಟಿಸಿದ ಮಾಳಿಗೆ ಮನೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ಸಾಲ ಮಾಡಿಯಾದರೂ ಸರಿ, ಇದನ್ನು ಕೆಡವಿ ಎರಡಂತಸ್ತಿನ ತಾರಸಿ ಮನೆ ಕಟ್ಟೋಣವೆಂಬುದು ಅವರ ಒತ್ತಾಯ. ಎಂಬತ್ತು ದಾಟಿದ ತಾಯಿಯವರಾದರೋ ತಮ್ಮ ಉಸಿರಿರುವತನಕ ಒಂದು ಕಲ್ಲನ್ನೂ ಅಲುಗಿಸಕೂಡದೆಂದು ಕುಳಿತಿದ್ದಾರೆ. ಕಳೆದ ಮಳೆಗಾಲದಲ್ಲಿ ಅವರು ಮಲಗುವ ನಡುಮನೆಯಲ್ಲಿಯೇ ಮೇಲಿನಿಂದ ಮಣ್ಣು ಉದುರಿದೆ. ತಾಯಿಯ ಮಾತನ್ನು ನಡೆಸಲೇ, ತಾಯಿಯ ಪ್ರಾಣವನ್ನು ಕಾಯಲೇ ಎಂಬುದು ಆ ಭಕ್ತರ ಪ್ರಶ್ನೆ.

ಈ ಸಂಕಟ ಅವರೊಬ್ಬರದಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಮಾಳಿಗೆ ಮನೆಗಳು ನಿಂತಿವೆ; ಮಳೆ ತುಸು ಹೆಚ್ಚಾಗಿರುವ ಹೊಳಲ್ಕೆರೆಯ ಕಡೆ ಹೆಂಚಿನ ಮನೆಗಳೂ ಉಂಟು. ಕಲ್ಲುಮಣ್ಣಿನ ದಪ್ಪ ಗೋಡೆ, ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಎಲ್ಲಕ್ಕೂ ಮೇಲೆ ಮಣ್ಣು. ಬಿಸಿಲಿಗೂ ಅಲ್ಪ ಮಳೆಗೂ ಹೊಂದಿಕೊಂಡು ಬೆಳೆದ ಕಟ್ಟಡವಿದು. ವೈಶಾಖದ ಮಧ್ಯಾಹ್ನ ಅಂತಹ ನಡುಮನೆಯ ತಂಪನ್ನು ಅನುಭವಿಸಿದವರು ಆ ತಾಯಿಯ ಮಾತನ್ನು ಬರಿಯ ಹಟವೆಂದು ತಳ್ಳಿಹಾಕಲಾರರು. ಆದರೆ ಮಳೆ ಎಲ್ಲ ವರ್ಷವೂ ಅಲ್ಪವಾಗಿರುವುದಿಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರವು 89 ವರ್ಷಗಳ ತರುವಾಯ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಹರಿಯಿತು. ಮಣ್ಣಿನ ಮಾಳಿಗೆಗೆ ಅಂತಹ ವರ್ಷಗಳು ಪರೀಕ್ಷೆಯ ವರ್ಷಗಳು.

ಮಾಳಿಗೆ ಮನೆಯ ರೋಗ ಬಹುಮಟ್ಟಿಗೆ ಇರುವುದು ಅದರ ನೆತ್ತಿಯಲ್ಲಿ. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಮುಂಗಾರಿಗೆ ಮುನ್ನ ಮಾಳಿಗೆಗೆ ಚೌಳು ಮಣ್ಣು ಹೊರುವುದು ವಿದ್ಯಾರ್ಥಿಗಳ ಸೇವೆಯಾಗಿತ್ತು. ಹಳೆಯ ಮಣ್ಣನ್ನು ಕೆರೆದು ತೆಗೆಯದೆ ಹೊಸದನ್ನು ಸುರಿಯಬಾರದೆಂದು ವೃದ್ಧ ಮೇಸ್ತ್ರಿಯೊಬ್ಬರು ಗದರುತ್ತಿದ್ದರು. ಈಗ ಕೆರೆಯುವವರಿಲ್ಲ, ಸೋರಿದಲ್ಲಿಗೆ ನಾಲ್ಕು ಬುಟ್ಟಿ ಸುರಿಯುವವರೇ ಎಲ್ಲರೂ. ಒಂದು ಘನ ಅಡಿ ಮಣ್ಣು ಸುಮಾರು 45ರಿಂದ 50 ಕೆ.ಜಿ. ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಅಡಿ ದಪ್ಪ ಮಣ್ಣಿದ್ದರೆ ನಾಲ್ಕೂವರೆ ಟನ್ನಿಗೆ ಕಡಿಮೆಯಿಲ್ಲದ ಭಾರವಾಯಿತು. ಅಷ್ಟೇ ಜಾಗಕ್ಕೆ ಐದು ಇಂಚಿನ ಕಾಂಕ್ರೀಟು ತಾರಸಿಯ ಭಾರ ಸುಮಾರು ಮೂರು ಟನ್ನು ಮಾತ್ರ! ಅಜ್ಜನ ಕಾಲದ ತೊಲೆ ಹೊರಬೇಕಾದುದಕ್ಕಿಂತ ಹೆಚ್ಚಿನದನ್ನು ನಾವೇ ಪ್ರೀತಿಯಿಂದ ಹೊರಿಸುತ್ತ ಬಂದು, ಕೊನೆಗೆ ಮನೆಗೆ ಮುಪ್ಪಾಯಿತೆನ್ನುತ್ತೇವೆ.

ಆದುದರಿಂದ ತೀರ್ಮಾನಕ್ಕೆ ಮುನ್ನ, ಮಾಘ ಫಾಲ್ಗುಣದ ಒಣದಿನಗಳಲ್ಲಿ, ಆ ಮಣ್ಣನ್ನು ಅನುಭವಸ್ಥ ಮೇಸ್ತ್ರಿಯ ಕೈಯಿಂದ ಇಳಿಸಬೇಕು. ತೊಲೆಯ ನಡುವನ್ನು ಬಡಿದು ನೋಡಿದರೆ ಸಾಲದು. ಗೋಡೆಯೊಳಗೆ ಹೊಕ್ಕಿರುವ ತುದಿಗಳನ್ನು ಉಳಿಯಿಂದ ಚುಚ್ಚಿ ನೋಡಬೇಕು, ತೇವವೂ ಗೆದ್ದಲೂ ಅಡಗುವುದು ಅಲ್ಲಿಯೇ. ಗೋಡೆಗೆ ತೂಕದ ಗುಂಡು ಬಿಟ್ಟು ವಾಲಿದೆಯೋ, ಹೊಟ್ಟೆ ಬಿಟ್ಟಿದೆಯೋ ಪರೀಕ್ಷಿಸಬೇಕು. ಗಿಲಾವಿನ ಬಿರುಕಿಗೆ ಅಂಜಬೇಕಾಗಿಲ್ಲ. ಮೂಲೆಯಲ್ಲಿ ಕೆಳಗಿನಿಂದ ಮೇಲಕ್ಕೆ ಅಗಲವಾಗುತ್ತ ಹೋದ ಬಿರುಕು ತಳಪಾಯ ಕುಸಿದುದರ ಸೂಚನೆ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದಿದ್ದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಸವೆಯುತ್ತದೆ. ಅದನ್ನು ಕಿತ್ತು ಸುಣ್ಣದ ಗಾರೆ ಮಾಡಿಸುವುದು ಲೇಸು.

ತಳಪಾಯ ಕುಸಿದು, ಗೋಡೆ ವಾಲಿ, ಬಹುಪಾಲು ತೊಲೆಗಳ ತುದಿ ಟೊಳ್ಳಾಗಿದ್ದರೆ ಕೆಡಹುವುದೇ ಸರಿ. ಅಲ್ಲಿ ಮಮತೆಗೆ ಎಡೆಯಿಲ್ಲ. ಆದರೆ ಪತ್ರ ಬರೆದ ಭಕ್ತರು ತಿಳಿಸಿರುವಂತೆ ಗೋಡೆಗಳು ನೆಟ್ಟಗಿವೆ, ನಡುಮನೆಯ ಎರಡು ತೊಲೆಗಳಿಗೆ ಮಾತ್ರ ಗೆದ್ದಲು ಹಿಡಿದಿದೆ. ಎರಡು ತೊಲೆಗಳಿಗಾಗಿ ಇಡೀ ಮನೆಯನ್ನು ಕೆಡಹುವುದು ನಮಗೆ ಒಪ್ಪಿತವಲ್ಲ. ತಾಯಿಯವರ ಹಾಸಿಗೆಯನ್ನು ಇಂದೇ ಪಡಸಾಲೆಗೆ ವರ್ಗಾಯಿಸಲಿ. ಇದಕ್ಕೆ ಅವರ ಅಪ್ಪಣೆಯನ್ನು ಕಾಯಬೇಕಾಗಿಲ್ಲ. ತೊಲೆಗಳನ್ನು ಬದಲಿಸಿ, ಮಣ್ಣಿನ ಬದಲು ಹಗುರವಾದ ಹೆಂಚು ಹೊದಿಸಲಿ. ಹಿತ್ತಿಲಲ್ಲಿ ನಡುಮನೆಗೆ ಹೊಂದಿದಂತೆ ಬಚ್ಚಲು ಮತ್ತು ಶೌಚಾಲಯವನ್ನು ಹೊಸದಾಗಿ ಕಟ್ಟಲಿ. ಮಕ್ಕಳ ದೂರಿನಲ್ಲಿ ನ್ಯಾಯವಾದ ಅಂಶವೆಂದರೆ ಇದೊಂದೇ. ಹಬ್ಬಕ್ಕೂ ಜಾತ್ರೆಗೂ ಬಂದು ಹೋಗುವವರಿಗಾಗಿ ಎರಡಂತಸ್ತು ಕಟ್ಟಿದರೆ ಉಳಿದ ದಿನಗಳಲ್ಲಿ ಬೀಗವೇ ಅದರ ಯಜಮಾನ.

ಚಿತ್ರದುರ್ಗದಲ್ಲಿ, 2000ದಲ್ಲಿ ಲಿಂಗೈಕ್ಯರಾದ ಎಸ್. ನಿಜಲಿಂಗಪ್ಪನವರ ನಿವಾಸವನ್ನು ಸ್ಮಾರಕವಾಗಿ ಉಳಿಸಿಕೊಳ್ಳಲು ಸರ್ಕಾರವೇ ಮುಂದೆ ಬಂದಿತು. ನಮ್ಮ ನಿಮ್ಮ ಮನೆಗಳಿಗೆ ಅಂತಹ ಬೊಕ್ಕಸ ಬರುವುದಿಲ್ಲ. ಒಳಗೆ ದೀಪ ಹಚ್ಚಿ ವಾಸಿಸುವವರಿದ್ದರೆ ಮನೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಇನ್ನು ಬಾಗಿಲ ದಿಕ್ಕು ಸರಿಯಿಲ್ಲವೆಂದು ಗಟ್ಟಿ ಗೋಡೆಯನ್ನು ಒಡೆಸಲು ಬರುವ ವಾಸ್ತು ಪಂಡಿತರ ವಿಷಯ. ದಿಕ್ಕು, ಮುಹೂರ್ತಗಳ ಭಯವನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ಬಿಡಿಸಿದರು; ನಾವು ಫೀಜು ಕೊಟ್ಟು ಅದನ್ನು ಮರಳಿ ತರಿಸಿಕೊಳ್ಳುತ್ತಿದ್ದೇವೆ.

ಪತ್ರದಲ್ಲಿ ಸಹೋದರಿಯರ ಪ್ರಸ್ತಾಪವೇ ಇಲ್ಲ. ಅವರಿದ್ದರೆ ಉಳಿಸುವ ಮಾತಿಗೂ ಕೆಡಹುವ ಮಾತಿಗೂ ಅವರನ್ನು ಕರೆಯಬೇಕು. 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕುಂಟು. ಒಬ್ಬರ ಹಣದಿಂದ ಹೊಸ ಮನೆ ಎದ್ದ ಮೇಲೆ ಪಾಲಿನ ಮಾತು ಬಂದರೆ ಒಡಹುಟ್ಟಿದವರು ನ್ಯಾಯಾಲಯದ ಮೆಟ್ಟಿಲು ಹತ್ತುವಂತಾಗುತ್ತದೆ. ಖಾತೆ ಇನ್ನೂ ಅಜ್ಜನವರ ಹೆಸರಿನಲ್ಲಿಯೇ ಇದ್ದರೆ, ಗುದ್ದಲಿ ಎತ್ತುವ ಮುನ್ನ ಎಲ್ಲರೂ ಕೂಡಿ ಗ್ರಾಮ ಪಂಚಾಯಿತಿಯಲ್ಲಿ ಅದನ್ನು ಸರಿಪಡಿಸಿಕೊಳ್ಳಲಿ. ಸಾಲ ಕೊಡುವ ಬ್ಯಾಂಕಿನವರು ಮೊದಲು ಕೇಳುವುದೂ ಅದನ್ನೇ.