ಎಣ್ಣೆ ಎಲ್ಲಿಗೆ ಹೋಯಿತು?

ಇಳಕಲ್ಲಿನಿಂದ ಹುನಗುಂದದತ್ತ ಹೊರಟಿದ್ದವರು ಹೆದ್ದಾರಿಯ ಬದಿಯ ಒಂದು ಸರ್ವಿಸಿಂಗ್ ಅಂಗಳದಲ್ಲಿ ಗಾಡಿ ನಿಲ್ಲಿಸಬೇಕಾಯಿತು. ಆಯಿಲು ಬದಲಿಸಬೇಕಾದ ಅವಧಿ ಮೀರಿ ಬಹಳ ದಿನಗಳಾಗಿದ್ದವು. ಆ ಅಲಕ್ಷ್ಯ ನನ್ನದೇ, ಮಿಸ್ತ್ರಿಯದಲ್ಲ. ಎರಡು ತಾಸು ಕುಳಿತಿರಬೇಕೆಂದು ತಿಳಿಸಿದರು. ಕೈಯಲ್ಲಿದ್ದ ಪತ್ರಿಕೆ ಮುಗಿದುದರಿಂದ ಸುತ್ತಲೂ ನೋಡುತ್ತ ಕುಳಿತೆ.

ಗ್ರಾನೈಟ್ ಹೇರುವ ಲಾರಿಯೊಂದು ಕಟ್ಟೆಯ ಮೇಲೆ ನಿಂತಿತ್ತು. ಅದರಡಿ ಮಲಗಿದ್ದ ಹುಡುಗ ಬೋಲ್ಟು ಸಡಿಲಿಸಿದೊಡನೆ ಕಾಡಿಗೆಯಂತಹ ಎಣ್ಣೆ ದಾರವಾಗಿ ಇಳಿಯಿತು. ಹೆಚ್ಚಿನ ಪಾಲು ಡಬ್ಬಿಗೆ, ಉಳಿದುದು ನೆಲಕ್ಕೆ. ಬಳಿಕ ಪಂಪು ಭೋರ್ಗರೆಯಿತು. ಚಕ್ರಗಳಿಗೆ ಮೆತ್ತಿದ್ದ ಎರೆಮಣ್ಣು, ನೆಲದ ಮೇಲಿನ ಎಣ್ಣೆ, ಸಾಬೂನಿನ ನೊರೆ ಎಲ್ಲವೂ ಒಂದಾಗಿ ಗೋಡೆಯ ಕಂಡಿಯಿಂದ ಹೊರಬಿದ್ದು ಗಟಾರವನ್ನು ಸೇರಿದವು. ಮಳೆಯಿಲ್ಲದ ಆ ಮಧ್ಯಾಹ್ನ ಗಟಾರದ ಮೇಲೊಂದು ಕಾಮನಬಿಲ್ಲು ಮೂಡಿತು.

“ಈ ನೀರು ಎಲ್ಲಿಗೆ ಹೊಕ್ಕೈತಿ ತಮ್ಮಾ?” ಎಂದು ಕೇಳಿದೆ.

“ಹಳ್ಳಕ್ಕ ಹೊಕ್ಕೈತ್ರಿ.”

“ಹಳ್ಳ?”

ಹುಡುಗ ನಕ್ಕ. “ಹೊಳಿಗೆ, ಮತ್ತೆಲ್ಲಿಗ್ರಿ?”

ವಾಚಕರೆ, ಈ ಉತ್ತರದಲ್ಲಿ ನಮ್ಮ ಜಿಲ್ಲೆಯ ಭೂಗೋಳವೆಲ್ಲ ಅಡಗಿದೆ. ಬಾಗಲಕೋಟೆಯ ನೀರು ಘಟಪ್ರಭೆಯ ಮೂಲಕ ಆಲಮಟ್ಟಿಯ ಜಲಾಶಯವನ್ನು ಸೇರುತ್ತದೆ. ಬಾದಾಮಿ ಕಡೆಯ ಹಳ್ಳಗಳು ಮಲಪ್ರಭೆಗೆ ಬೀಳುತ್ತವೆ. ಆ ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿ ಬಂದು ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಬೆರೆಯುತ್ತಾಳೆ. ಬಾದಾಮಿಯ ಗ್ಯಾರೇಜಿನಲ್ಲಿ ಚೆಲ್ಲಿದ ಎಣ್ಣೆಗೆ ಸಂಗಮದ ದಾರಿ ಹೇಳಿಕೊಡಬೇಕಾಗಿಲ್ಲವಷ್ಟೆ. ಇನ್ನು ಬಾಗಲಕೋಟೆಯ ಮಾತು ಬೇರೆ. ಹಿನ್ನೀರಿಗಾಗಿ ತಮ್ಮ ಹಳೆಯ ಊರಿನ ಓಣಿಗಳನ್ನೂ ಅಂಗಡಿಗಳನ್ನೂ ಬಿಟ್ಟುಕೊಟ್ಟು ನವನಗರಕ್ಕೆ ಎದ್ದುಹೋದ ಜನ ಅವರು. ಇಷ್ಟು ಬೆಲೆ ತೆತ್ತು ನಿಲ್ಲಿಸಿದ ನೀರಿನ ಮೇಲೆ ಆಯಿಲಿನ ಪೊರೆ ತೇಲುವುದನ್ನು ಅವರು ಹೇಗೆ ಸಹಿಸಬೇಕು?

ಒಂದು ಲಾರಿಯ ಇಂಜಿನಿಗೆ ಹತ್ತು ಲೀಟರಿಗಿಂತ ಹೆಚ್ಚಿನ ಆಯಿಲು ಬೇಕು, ಕಾರಿಗೆ ಮೂರು ನಾಲ್ಕು ಲೀಟರು, ಮೋಟಾರುಸೈಕಲ್ಲಿಗೆ ಸುಮಾರು ಒಂದು. ಒಂದು ಲೀಟರು ಸುಟ್ಟ ಆಯಿಲು ಹತ್ತು ಲಕ್ಷ ಲೀಟರು ನೀರನ್ನು ಕುಡಿಯಲು ಬಾರದಂತೆ ಕೆಡಿಸಬಲ್ಲದೆಂಬುದು ಬಲ್ಲವರ ಲೆಕ್ಕ. ಇಳಕಲ್ಲಿನ ನೆಲ ಬಂಡೆಯ ನೆಲ. ಅಲ್ಲಿ ಅಂತರ್ಜಲವಿರುವುದು ಮುಖ್ಯವಾಗಿ ಬಂಡೆಯ ಬಿರುಕುಗಳಲ್ಲಿ. ಮಣ್ಣಿನಲ್ಲಿ ಇಳಿಯುವ ಎಣ್ಣೆ ಅಷ್ಟಿಷ್ಟಾದರೂ ಸೋಸಿಹೋದೀತು; ಬಿರುಕಿನೊಳಕ್ಕೆ ಇಳಿದುದಕ್ಕೆ ತಡೆಯುವವರಾರು?

ನಮ್ಮ ಅಜ್ಜಂದಿರ ಚಕ್ಕಡಿಯ ಕೆಳಗೂ ಕೀಲೆಣ್ಣೆಯ ಗೊಟ್ಟ ತೂಗುತ್ತಿತ್ತು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಅಚ್ಚಿಗೆ ಬಳಿಯುತ್ತಿದ್ದರು. ನೆಲಕ್ಕೆ ಬಿದ್ದ ತೊಟ್ಟನ್ನು ನೆಲವೇ ಅರಗಿಸಿಕೊಳ್ಳುತ್ತಿತ್ತು. ಸಾವಿರಾರು ಕಿಲೋಮೀಟರು ಇಂಜಿನಿನಲ್ಲಿ ಬೆಂದು ಬಂದ ಎಣ್ಣೆಯ ಜಾತಿ ಬೇರೆ. ಅದರಲ್ಲಿ ಸವೆದ ಲೋಹದ ಕಣಗಳಿವೆ, ಅರೆಬೆಂದ ಇಂಧನದ ವಿಷಗಳಿವೆ. ವರ್ಷಗಟ್ಟಲೆ ಚರ್ಮಕ್ಕೆ ಸೋಂಕಿದರೆ ಕ್ಯಾನ್ಸರಿಗೂ ಕಾರಣವಾದೀತು. ಆ ಹುಡುಗ ಪೆಟ್ರೋಲು ಅದ್ದಿದ ಚಿಂದಿಯಿಂದ ಕೈ ಒರೆಸಿಕೊಂಡು ಚಹಾ ಕುಡಿಯಲು ಹೋದುದನ್ನು ನೋಡಿದಾಗ ನನಗೆ ಹೊಳೆಗಿಂತ ಮೊದಲು ಅವನ ಚಿಂತೆಯಾಯಿತು. ಒಂದು ಜೊತೆ ರಬ್ಬರ್ ಕೈಚೀಲಕ್ಕೆ ಎಷ್ಟು ಹಣ ಬೇಕು!

ಇದಕ್ಕೆ ಉಪಾಯವೇನು ಎನ್ನುವವರು ಹುನಗುಂದದ ಎರೆಹೊಲಗಳನ್ನು ನೋಡಬೇಕು. ಆ ಸೀಮೆಯ ಒಕ್ಕಲಿಗ ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿ, ಓಡುವ ನೀರನ್ನು ನಿಲ್ಲಿಸುತ್ತಾನೆ. ನಿಂತ ನೀರಿನಿಂದ ಮಣ್ಣು ಕೆಳಗಿಳಿಯುತ್ತದೆ. ಹೆಚ್ಚಾದ ನೀರು ಕಲ್ಲಿನ ಕೋಡಿಯಿಂದ ಹೊರಹೋಗುತ್ತದೆ. ಗ್ಯಾರೇಜಿಗೆ ಬೇಕಾದುದೂ ಇದೇ ವಿದ್ಯೆ. ತೊಳೆದ ನೀರು ಹಾಯುವಲ್ಲಿ ಮೂರು ಅಂಕಣಗಳ ತೊಟ್ಟಿ ಕಟ್ಟಬೇಕು. ಮೊದಲನೆಯದರಲ್ಲಿ ಕೆಸರು ತಳ ಸೇರುತ್ತದೆ. ಎರಡನೆಯದರಲ್ಲಿ ಎಣ್ಣೆ ತೇಲಿ ನಿಲ್ಲುತ್ತದೆ; ಅಲ್ಲಿಂದ ಮುಂದಕ್ಕೆ ಹೋಗುವ ಕೊಳವೆಯ ಬಾಯಿ ತಳದ ಹತ್ತಿರವಿರುವುದರಿಂದ ಕೆಳಗಿನ ನೀರು ಮಾತ್ರ ಮೂರನೆಯದಕ್ಕೆ ಸಾಗುತ್ತದೆ. ಇಟ್ಟಿಗೆ, ಸಿಮೆಂಟು, ಎರಡು ತುಂಡು ಕೊಳವೆ, ಇಷ್ಟೇ ಸಾಮಗ್ರಿ. ತೇಲಿದ ಎಣ್ಣೆಯನ್ನು ವಾರಕ್ಕೊಮ್ಮೆ ಬಳಿದು ತೆಗೆಯಬೇಕು. ಹೂಳು ತುಂಬಲು ಬಿಟ್ಟರೆ ತೊಟ್ಟಿಯಿದ್ದೂ ಇಲ್ಲದಂತೆಯೇ. ಮೂರನೆಯ ಅಂಕಣದ ನೀರಿನಿಂದ ಮತ್ತೊಂದು ಲಾರಿಯ ಚಕ್ರ ತೊಳೆಯಬಹುದು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಅದೇನು ಸಣ್ಣ ಲಾಭವಲ್ಲ. ಬೆಂಗಳೂರಿನಲ್ಲಿ ೨೦೨೪ರ ಮಾರ್ಚಿಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ೫,೦೦೦ ರೂಪಾಯಿ ದಂಡವೆಂದು ಸಾರಿದ್ದು ನೆನಪಿರಬಹುದು.

ಆದರೆ ಒಂದು ಎಚ್ಚರ. ಸಾಬೂನಿನ ಪುಡಿಯನ್ನು ಧಾರಾಳವಾಗಿ ಸುರಿದರೆ ಎಣ್ಣೆ ಒಡೆದು ಹಾಲಿನಂತೆ ನೀರಿನಲ್ಲಿ ಬೆರೆತು ಮೂರು ಅಂಕಣಗಳನ್ನೂ ದಾಟಿಬಿಡುತ್ತದೆ. ಆದಕಾರಣ ಒಣಮಣ್ಣನ್ನು ಮೊದಲು ಕೆರೆದು ತೆಗೆಯುವುದು, ಚೆಲ್ಲಿದ ಎಣ್ಣೆಯ ಮೇಲೆ ಕಟ್ಟಿಗೆಯ ಹೊಟ್ಟು ಹರಡಿ ಗುಡಿಸುವುದು, ನೀರನ್ನು ಕೊನೆಗೆ ಬಿಡುವುದು ಲೇಸು.

ಡಬ್ಬಿಗೆ ಬಿದ್ದ ಆಯಿಲಿನ ಗತಿಯೇನು? ಕೆಲವರು ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಡುತ್ತಾರೆ, ಕೆಲವರು ಒರಲೆ ಹತ್ತದಂತೆ ಬಾಗಿಲ ಚೌಕಟ್ಟಿಗೆ ಸವರುತ್ತಾರೆ, ಕೆಲವೆಡೆ ಅದು ಒಲೆ ಸೇರಿ ಹೊಗೆಯಾಗುತ್ತದೆ. ನಿಜವಾಗಿ ನೋಡಿದರೆ ಆಯಿಲು ಸವೆಯುವುದಿಲ್ಲ, ಕೊಳೆಯಾಗುತ್ತದೆ ಅಷ್ಟೆ. ಒಂದು ಲೀಟರನ್ನು ಶುದ್ಧಿಮಾಡಿದರೆ ಅರ್ಧ ಲೀಟರಿಗೂ ಮಿಕ್ಕಿ ಒಳ್ಳೆಯ ಎಣ್ಣೆ ದೊರೆಯುತ್ತದೆ; ಅಷ್ಟನ್ನು ಕಚ್ಚಾತೈಲದಿಂದ ಪಡೆಯಲು ಸುಮಾರು ೪೦ ಲೀಟರು ಬೇಕು. ಸುಟ್ಟ ಆಯಿಲು ಅಪಾಯಕಾರಿ ತ್ಯಾಜ್ಯವೆಂದೂ, ಅನುಮತಿ ಪಡೆದವರಿಗೇ ಅದನ್ನು ಒಪ್ಪಿಸಬೇಕೆಂದೂ ೨೦೧೬ರ ನಿಯಮಗಳು ವಿಧಿಸಿವೆ. ೨೦೨೪ರ ಏಪ್ರಿಲ್ ೧ರಿಂದ ಎಣ್ಣೆ ತಯಾರಿಸುವ ಕಂಪನಿಗಳ ಮೇಲೂ ಅದರ ಹೊಣೆ ಬಿದ್ದಿದೆ. ಹಳೆಯ ಬ್ಯಾಟರಿಗಳಿಗೆ ೨೦೨೨ರ ನಿಯಮವಿದೆ. ಖಾಲಿ ಡಬ್ಬಿಗಳನ್ನು ತೂತು ಹೊಡೆದೇ ಗುಜರಿಗೆ ಹಾಕಬೇಕು. ಇಲ್ಲವಾದರೆ ಅದೇ ಡಬ್ಬಿ ಕಲಬೆರಕೆ ಎಣ್ಣೆ ತುಂಬಿಕೊಂಡು ಹೊಸದಾಗಿ ಮಾರುಕಟ್ಟೆಗೆ ಮರಳುವುದುಂಟು.

ಇಷ್ಟನ್ನೂ ಅಂಗಳದ ಯಜಮಾನರಿಗೆ ಉತ್ಸಾಹದಿಂದ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

“ತೊಟ್ಟಿ ಕಟ್ಟಸಬಹುದ್ರಿ ಸಾಹೇಬರ, ಅದೇನ್ ದೊಡ್ಡ ಮಾತಲ್ಲ. ಆದ್ರ ತಿಂಗಳಿಗೆ ನನ್ನ ಕಡೆ ಕೂಡೂದು ಒಂದು ಪೀಪಾಯಿ. ಆ ಒಂದು ಪೀಪಾಯಿಗೆ ದೂರದಿಂದ ಯಾರು ಗಾಡಿ ತರ್ತಾರ್ರಿ? ಇಡಾಕ ತೊಂಬತ್ತು ದಿನ ಅಂತ ಬ್ಯಾರೆ ಕಾಯ್ದೆ ಐತಿ.”

ನನ್ನ ಉತ್ಸಾಹ ತಗ್ಗಿತು. ಅವರ ಮಾತು ದಿಟ. ತಪ್ಪು ತಿಳಿಯದವರು ಅವರಲ್ಲ. ಒಂದೊಂದು ಗ್ಯಾರೇಜು ಒಂಟಿಯಾಗಿ ಕಾಯ್ದೆಯನ್ನು ಪಾಲಿಸಲಾರದು. ಇಳಕಲ್ಲು, ಹುನಗುಂದ, ಬಾದಾಮಿಗಳ ಪುರಸಭೆ, ನಗರಸಭೆಗಳು ತಿಂಗಳಿಗೊಂದು ದಿನ ಗೊತ್ತುಮಾಡಿ, ಎಲ್ಲ ಗ್ಯಾರೇಜುಗಳ ಪೀಪಾಯಿಗಳನ್ನೂ ಒಂದೆಡೆ ಕೂಡಿಸಿದರೆ, ಅನುಮತಿಯುಳ್ಳ ಖರೀದಿದಾರ ತಾನಾಗಿಯೇ ಬಂದಾನು. ಸಂತೆಗೆ ದಿನ ಗೊತ್ತುಮಾಡಿಕೊಂಡ ಊರುಗಳಿಗೆ ಇದೇನು ಹೊಸ ಪಾಠವಲ್ಲ.

ಹಾಗೆಂದೆ. “ನೀವ ಬರೀರಿ ಸಾಹೇಬರ, ದಿನ ಗೊತ್ತ ಮಾಡಿದ್ರ ಮೊದಲ ಪೀಪಾಯಿ ನಂದ” ಎಂದರು ಯಜಮಾನರು. ಬರೆದಿದ್ದೇನೆ.