ಸೊರಗಿ ಹೋಗುವ ಕುರಿಯ ಲೆಕ್ಕ

ಕುರಿ ಇದ್ದಕ್ಕಿದ್ದಂತೆ ಸತ್ತರೆ ಅದಕ್ಕೊಂದು ಕಡತ ಹುಟ್ಟುತ್ತದೆ. ಪಶುವೈದ್ಯರು ಬರುತ್ತಾರೆ, ಮರಣೋತ್ತರ ಪರೀಕ್ಷೆ ನಡೆಯುತ್ತದೆ, ವರದಿ ಮೇಲಕ್ಕೆ ಹೋಗುತ್ತದೆ. ಕರ್ನಾಟಕ ಸರ್ಕಾರದ ಅನುಗ್ರಹ ಯೋಜನೆಯಡಿ ಆರು ತಿಂಗಳು ದಾಟಿದ ಕುರಿ-ಮೇಕೆಗೆ 5,000 ರೂಪಾಯಿ ಇದ್ದ ಪರಿಹಾರ 2025-26ರ ಬಜೆಟ್ಟಿನಲ್ಲಿ 7,500ಕ್ಕೆ ಏರಿದೆ. ಆದರೆ ನಾಲ್ಕಾರು ತಿಂಗಳು ಚೆನ್ನಾಗಿಯೇ ಮೇಯುತ್ತ, ಮೇಯುತ್ತಲೇ ಸೊರಗಿ, ಬೆನ್ನೆಲುಬು ಎದ್ದು, ಕಡೆಗೆ ಸಿಕ್ಕಷ್ಟು ಬೆಲೆಗೆ ಸಂತೆಯಲ್ಲಿ ಕೈಬಿಟ್ಟು ಹೋಗುವ ಕುರಿಗೆ ಕಡತವೂ ಇಲ್ಲ, ಲೆಕ್ಕವೂ ಇಲ್ಲ. ಕುರಿ-ಆಡುಗಳ ರೋಗಪತ್ತೆಯಲ್ಲಿ ಇಷ್ಟು ವರ್ಷ ಏನಾಯಿತು, ಏನಾಗಲಿಲ್ಲ ಎಂದು ಹಿಂತಿರುಗಿ ನೋಡುವಾಗ ಈ ಎರಡನೆಯ ಕುರಿಯ ಮಾತನ್ನೇ ಮೊದಲು ಎತ್ತಬೇಕು.

ರಾಯಚೂರು ಜಿಲ್ಲೆಯ ವಳಕಮದಿನ್ನಿಯ ಸುತ್ತಿನ ಸೀಮೆ, ಅಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳು, ಕುರಿಗೆ ಹೊಸದಲ್ಲ. ಕೆಂಗುರಿ ತಳಿಯ ತವರು ಇದೇ ಲಿಂಗಸುಗೂರು-ಸಿಂಧನೂರು-ಗಂಗಾವತಿ ನೆಲ. ಮುದಗಲ್ಲಿನ ಹತ್ತಿರದ ಪಿಕಳಿಹಾಳದಲ್ಲಿ ಪುರಾತತ್ವಜ್ಞ ಆಲ್ಚಿನ್ 1950ರ ದಶಕದಲ್ಲಿ ಅಗೆದು ನೋಡಿದ್ದು ನವಶಿಲಾಯುಗದ ದನಗಾಹಿಗಳ ನೆಲೆಯನ್ನು. ದೊಡ್ಡಿ ಕಟ್ಟಿ ಜಾನುವಾರು ಕೂಡುವ ಬದುಕು ಇಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳು 1.11 ಕೋಟಿ, ಮೇಕೆಗಳು ಸುಮಾರು 62 ಲಕ್ಷ. ಕುರಿಯಲ್ಲಿ ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ. ತಲೆ ಎಣಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಪಿಪಿಆರ್, ಕರುಳುಬೇನೆ, ಸಿಡುಬು, ನೀಲಿ ನಾಲಿಗೆಯಂಥ ಧಾವಂತದ ರೋಗಗಳ ವಿಷಯದಲ್ಲೂ ಈ ಮೂರು ದಶಕಗಳಲ್ಲಿ ದೊಡ್ಡ ಕೆಲಸವಾಗಿದೆ. 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ಗುರುತಾದ ಪಿಪಿಆರ್‌ಗೆ ನಮ್ಮ ದೇಶದಲ್ಲೇ ಲಸಿಕೆ ಬಂತು, ಅದು ದಡ್ಡಿಗಳವರೆಗೂ ಬಂತು. ಮುಂಗಾರಿಗೆ ಮೊದಲು ಕರುಳುಬೇನೆಯ ಸೂಜಿ ಹಾಕಿಸಬೇಕೆಂದು ಈಗ ಕುರಿಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಧಾನದ ರೋಗ ಮಾತ್ರ ಹೊರಗುಳಿಯಿತು. ಅದರ ಹೆಸರು ಜೋನ್ಸ್ ಕಾಯಿಲೆ. ಕ್ಷಯದ ಕುಲದ ಒಂದು ಬ್ಯಾಕ್ಟೀರಿಯಾ ಮರಿಯ ಮೊದಲ ತಿಂಗಳುಗಳಲ್ಲಿ, ಹಿಕ್ಕೆ ಮೆತ್ತಿದ ಕೆಚ್ಚಲು, ಹಾಲು, ನೀರು, ಮೇವಿನ ಮೂಲಕ ಹೊಟ್ಟೆ ಸೇರಿ ಸಣ್ಣಕರುಳಿನ ಕೊನೆಯ ಭಾಗದಲ್ಲಿ ಕೂತುಬಿಡುತ್ತದೆ. ಕೆಲವೊಮ್ಮೆ ತಾಯಿಯ ಗರ್ಭದಲ್ಲಿಯೇ ಅಂಟುತ್ತದೆ. ಆಮೇಲೆ ವರ್ಷಗಟ್ಟಲೆ ಸುಳಿವೇ ಇಲ್ಲ. ಎರಡು ವರ್ಷ ದಾಟಿ, ಒಂದೆರಡು ಸೂಲು ಕಳೆದ ಮೇಲೆ ಕುರಿ ಇಳಿಯತೊಡಗುತ್ತದೆ. ಕರುಳಿನ ಗೋಡೆ ದಪ್ಪವಾಗಿ ಉಂಡದ್ದು ಮೈಗೆ ಹತ್ತುವುದಿಲ್ಲ, ರಕ್ತದ ಪ್ರೋಟೀನು ಕರುಳಿನೊಳಕ್ಕೇ ಸೋರುತ್ತದೆ. ದನಕ್ಕಾದರೆ ನೀರಿನಂಥ ಭೇದಿ ಶುರುವಾಗಿ ಮಾಲೀಕ ಎಚ್ಚರಾಗುತ್ತಾನೆ. ಕುರಿ-ಆಡಿಗೆ ಬಹುಪಾಲು ಭೇದಿಯೇ ಇರುವುದಿಲ್ಲ, ಕೊನೆಗಾಲಕ್ಕೆ ಹಿಕ್ಕೆ ಮೆತ್ತಗಾಗಿ ಅಂಟಿಕೊಂಡರೆ ಅದೇ ಹೆಚ್ಚು. ಹೀಗೆ ಕೊನೆ ಮುಟ್ಟಿದ ಒಂದು ಕುರಿಯ ಒಂದು ಗ್ರಾಂ ಹಿಕ್ಕೆಯಲ್ಲಿ ಹತ್ತು ಕೋಟಿಯಷ್ಟು ರೋಗಾಣು ಇರಬಲ್ಲವು. ಮಂದೆಯಲ್ಲಿ ಒಂದೇ ಒಂದು ಬಡಕಲು ಕುರಿ ಇದ್ದರೂ ಉಳಿದವುಗಳ ಗತಿಯನ್ನು ಊಹಿಸಬಹುದು.

ಪತ್ತೆಯ ಚರಿತ್ರೆ ಶುರುವಾದದ್ದು 1895ರಲ್ಲಿ, ಜರ್ಮನಿಯ ಡ್ರೆಸ್ಡೆನ್ನಿನಲ್ಲಿ. ಜೋನೆ ಮತ್ತು ಫ್ರಾಥಿಂಗ್‌ಹ್ಯಾಮ್ ಒಂದು ಹಸುವಿನ ದಪ್ಪಗಾದ ಕರುಳಿನಲ್ಲಿ ಈ ರೋಗಾಣುಗಳನ್ನು ಕಂಡು ಹಕ್ಕಿಯ ಕ್ಷಯವಿರಬೇಕೆಂದುಕೊಂಡರು. ಇದು ಬೇರೆಯೇ ರೋಗವೆಂದು 1906ರಲ್ಲಿ ಹೇಳಿದವರು ಡೆನ್ಮಾರ್ಕಿನ ಬ್ಯಾಂಗ್. ಇಂಗ್ಲೆಂಡಿನ ಟ್ವಾರ್ಟ್ 1910ರ ಹೊತ್ತಿಗೆ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು, ಅದೂ ಆಹಾರಕ್ಕೆ ಅದರ ದಾಯಾದಿ ಬ್ಯಾಕ್ಟೀರಿಯಾದ ಸಾರವನ್ನು ಬೆರೆಸಿದ ಮೇಲೆ. ತಾನಾಗಿ ಕಬ್ಬಿಣಾಂಶ ಹಿಡಿದುಕೊಳ್ಳಲಾರದ ಈ ರೋಗಾಣು ಇಂದಿಗೂ ಲ್ಯಾಬುಗಳಲ್ಲಿ ಬೇರೆಯವರ ಹಂಗಿನಲ್ಲೇ ಬೆಳೆಯುವುದು. ಬೆಳೆಯಲು ಎಂಟರಿಂದ ಹದಿನಾರು ವಾರ ಬೇಕು, ಕುರಿಯ ಕೆಲವು ಬಗೆಗಳಿಗೆ ಇನ್ನೂ ಹೆಚ್ಚು. ಸುಗ್ಗಿ ಮುಗಿದು ಭತ್ತದ ಗದ್ದೆಗೆ ಇಳಿದ ಮಂದೆ ಅಷ್ಟರಲ್ಲಿ ಎಲ್ಲಿರುತ್ತದೆ ಎಂದು ಲ್ಯಾಬಿನವರು ಯಾರನ್ನು ಕೇಳಬೇಕು?

ಆಮೇಲಿನ ನೂರು ವರ್ಷ ಪರೀಕ್ಷೆಗಳಿಗೆ ಕೊರತೆಯಾಗಲಿಲ್ಲ. ಚರ್ಮದೊಳಗೆ ಜೋನಿನ್ ಎಂಬ ರೋಗಾಣುಸಾರ ಚುಚ್ಚಿ ಬಾವು ಅಳೆಯುವುದು ಬಂತು, ರಕ್ತಕ್ಕೆ ಜೆಲ್ ಪರೀಕ್ಷೆ ಬಂತು, ಎಲೈಸಾ ಬಂತು. 1989ರಲ್ಲಿ ಈ ರೋಗಾಣುವಿನ ಜೀನೋಮಿನಲ್ಲಿ ಐಎಸ್900 ಎಂಬ ತುಣುಕು ಸಿಕ್ಕ ಮೇಲೆ ಪಿಸಿಆರ್ ಕೂಡ ಬಂತು. ಆದರೆ ಇವು ಒಂದಕ್ಕೊಂದು ಬದಲಿಯಲ್ಲ, ಒಂದೊಂದು ರೋಗದ ಒಂದೊಂದು ಕಾಲವನ್ನು ನೋಡುತ್ತದೆ. ರೋಗದ ಮೊದಲ ಹಂತದಲ್ಲಿ ದೇಹ ಜೀವಕೋಶಗಳ ಮೂಲಕ ಕಾದಾಡುತ್ತದೆ, ಆಗ ಜೋನಿನ್ ಸೂಜಿಗೆ ಉತ್ತರ ಸಿಗುತ್ತದೆ. ರಕ್ತದಲ್ಲಿ ಪ್ರತಿಕಾಯ ಏಳುವುದು ಕಾದಾಟ ಸೋಲುವ ಹೊತ್ತಿಗೆ. ಎಲೈಸಾ ಹಿಡಿಯುವುದು ಆ ಕುರಿಯನ್ನು. ಹಿಕ್ಕೆಯಲ್ಲಿ ರೋಗಾಣು ನಡುವೆ ಬಿಟ್ಟು ಬಿಟ್ಟು ಬೀಳುತ್ತದೆ. ಜೊತೆಗೆ ಗಂಟಲು-ಭುಜದಲ್ಲಿ ಕೀವಿನ ಗಡ್ಡೆ ಎಬ್ಬಿಸುವ ಇನ್ನೊಂದು ಬ್ಯಾಕ್ಟೀರಿಯಾ ಕೆಲವು ರಕ್ತಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ, ಆ ಗಡ್ಡೆಯಾದರೋ ನಮ್ಮ ಮಂದೆಗಳಲ್ಲಿ ಅಪರೂಪವೇನಲ್ಲ. ಹಾಗಾಗಿ ಒಂದು ಕುರಿಯ ರಕ್ತ ತೆಗೆದು 'ಇಲ್ಲ' ಎಂದು ಬಂದ ಚೀಟಿಯನ್ನು ನಂಬಿ ನಿದ್ದೆ ಮಾಡುವಂತಿಲ್ಲ. ನಮ್ಮ ಪಶುವೈದ್ಯ ವಲಯದಲ್ಲಿ ಯಾವ ಪರೀಕ್ಷೆ ಉತ್ತಮ ಎಂಬ ಚರ್ಚೆ ಬಹಳ ನಡೆದಿದೆ. ಆ ಚರ್ಚೆ ಒಂಟಿ ಕುರಿಯ ಸುತ್ತಲೇ ಗಿರಕಿ ಹೊಡೆಯಿತು ಎಂಬುದು ನಮ್ಮ ತಕರಾರು.

ದೇಶದ ಮಟ್ಟದಲ್ಲಿ ಈ ರೋಗವನ್ನು ಹಟ ಹಿಡಿದು ಬೆನ್ನುಹತ್ತಿದ್ದು ಮಥುರಾ ಜಿಲ್ಲೆಯ ಮಖ್ದೂಮ್‌ನಲ್ಲಿರುವ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆ. ಅಲ್ಲಿ ಎಸ್.ವಿ. ಸಿಂಗ್ ಮತ್ತು ಸಂಗಡಿಗರು ನಮ್ಮ ನೆಲದ ಮೇಕೆ-ಕುರಿಗಳಲ್ಲಿ ಹೆಚ್ಚಾಗಿ ಸಿಗುವುದು 'ಇಂಡಿಯನ್ ಬೈಸನ್' ಎಂದು ಹೆಸರಾದ ಬಗೆ ಎಂದು ತೋರಿಸಿದರು. ಹೊರದೇಶದ ಕಿಟ್ಟಿನ ಬದಲು ಇಲ್ಲಿನದೇ ತಳಿಯಿಂದ ಎಲೈಸಾ ಮಾಡಿದರು, ಇಲ್ಲಿನದೇ ತಳಿಯಿಂದ ಲಸಿಕೆಯನ್ನೂ ರೂಪಿಸಿದರು. ಕರ್ನಾಟಕದಲ್ಲಿ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಯಲಹಂಕದಲ್ಲಿ ರೋಗಗಳ ಹರಡುವಿಕೆಯನ್ನೇ ಅಧ್ಯಯನ ಮಾಡುವ ನಿವೇದಿ ಇದೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ವಿದ್ಯೆ ಕಡಿಮೆಯಿಲ್ಲ. ಹೆಬ್ಬಾಳಕ್ಕೂ ಮಸ್ಕಿಯ ದಡ್ಡಿಗೂ ನಡುವಿನ ನಾನೂರು ಕಿಲೋಮೀಟರ್‌ನಲ್ಲಿ ಸ್ಯಾಂಪಲ್ಲು ಸಾಗಬೇಕಲ್ಲ, ತೊಡಕಿರುವುದು ಅಲ್ಲಿ.

ಮಂದೆಯನ್ನು ಮಂದೆಯಾಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಐಸ್‌ಲ್ಯಾಂಡಿನ ಕತೆಯೊಂದೇ ಸಾಕು. 1933ರಲ್ಲಿ ಆ ದೇಶ ತಳಿ ಸುಧಾರಣೆಗೆಂದು ಜರ್ಮನಿಯ ಹಾಲೆಯಿಂದ ಇಪ್ಪತ್ತು ಕಾರಾಕುಲ್ ಕುರಿ ತರಿಸಿತು. ನೋಡಲು ಎಲ್ಲವೂ ಗಟ್ಟಿಮುಟ್ಟು, ಪ್ರತ್ಯೇಕವಾಗಿ ಇರಿಸಿ ಪರೀಕ್ಷಿಸಿದ್ದೂ ಆಯಿತು. ಕೆಲವು ವರ್ಷಗಳಲ್ಲಿ ಮೂರು ನಿಧಾನದ ರೋಗಗಳು ದ್ವೀಪವನ್ನು ಹಬ್ಬಿದವು, ಅದರಲ್ಲೊಂದು ಜೋನ್ಸ್. ಉಳಿದ ರೋಗಗಳನ್ನು ತೊಲಗಿಸಲು ಸೀಮೆಗೆ ಸೀಮೆಯೇ ಕುರಿ ಕಡಿದರು. ಜೋನ್ಸ್ ಮಾತ್ರ ಜಗ್ಗಲಿಲ್ಲ, ಲಸಿಕೆಯಿಂದ ಹತೋಟಿಯಲ್ಲಿಟ್ಟರು. ನಮ್ಮಲ್ಲೂ ತಳಿ ಸುಧಾರಣೆಯ ಟಗರು ಹಂಚುವ ಯೋಜನೆಗಳಿವೆ, ಸಾಲದಲ್ಲಿ ಹೊರಜಿಲ್ಲೆಯ ಕುರಿ ಕೊಳ್ಳುವವರಿದ್ದಾರೆ. ಟಗರಿನ ಹಲ್ಲು ಎಣಿಸುತ್ತೇವೆ, ಕಾಲು ನೋಡುತ್ತೇವೆ. ಅದು ಹುಟ್ಟಿ ಬೆಳೆದ ಮಂದೆಯ ಮುದಿಕುರಿಗಳು ಹೇಗಿವೆ ಎಂದು ಕೇಳುವ ರೂಢಿ ನಮಗಿಲ್ಲ.

ಆಸ್ಟ್ರೇಲಿಯಾ ಇನ್ನೊಂದು ಪಾಠ. ಅಲ್ಲಿ ಕುರಿಯಲ್ಲಿ ರೋಗ ಕಂಡದ್ದು 1980ರಲ್ಲಿ, ನ್ಯೂ ಸೌತ್ ವೇಲ್ಸಿನಲ್ಲಿ. ನಿರ್ಮೂಲ ಮಾಡುತ್ತೇವೆಂದು ಹೊರಟು ರೈತರ ಮಂದೆಗಳನ್ನು ಖಾಲಿ ಮಾಡಿಸಿ, ಬಹಳ ಕಣ್ಣೀರು ಹಾಕಿಸಿ, ಕಡೆಗೆ ಕೈಬಿಟ್ಟು ಲಸಿಕೆಯ ದಾರಿ ಹಿಡಿದರು. ಆ ಗದ್ದಲದ ನಡುವೆ ಎರಡು ಒಳ್ಳೆಯ ಉಪಾಯ ಉಳಿದವು. ಒಂದು, ಕಸಾಯಿಖಾನೆಯಲ್ಲಿ ಕರುಳು ನೋಡಿ ಯಾವ ಮಂದೆಯದು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುವುದು. ಇನ್ನೊಂದು, ಐವತ್ತು ಕುರಿಯಿಂದ ತಲಾ ಒಂದು ಹಿಕ್ಕೆ ಆಯ್ದು ಒಂದೇ ಡಬ್ಬಿಗೆ ಹಾಕಿ ಒಂದೇ ಪರೀಕ್ಷೆ ಮಾಡುವುದು. ಏಳು ಡಬ್ಬಿಯಲ್ಲಿ 350 ಕುರಿಯ ಮಂದೆ ಮುಗಿಯಿತು. ಯಾವ ಕುರಿಗೆ ರೋಗ ಎಂಬುದು ಅದರಿಂದ ಗೊತ್ತಾಗದು, ಮಂದೆಯಲ್ಲಿ ರೋಗ ಇದೆಯೇ ಎಂಬುದು ಗೊತ್ತಾಗುತ್ತದೆ. ಕುರಿಗಾರನಿಗೆ ಮೊದಲು ಬೇಕಾದ ಉತ್ತರ ಅದೇ.

ನಮ್ಮ ಸೀಮೆಗೆ ಇದಕ್ಕಿಂತ ಅಗ್ಗದ ದಾರಿಯೂ ಇದೆ. ಅನುಗ್ರಹಕ್ಕಾಗಿ ಹೊಟ್ಟೆ ಬಗೆದ ಪ್ರತಿ ಕುರಿಯೂ ಒಂದು ಅವಕಾಶ. ವೈದ್ಯರು ಹೇಗೂ ಕುರಿಯ ಹತ್ತಿರ ಬಂದಿದ್ದಾರೆ, ಕತ್ತಿಯೂ ಕೈಯಲ್ಲಿದೆ. ಸಣ್ಣಕರುಳು ದೊಡ್ಡಕರುಳನ್ನು ಕೂಡುವ ಜಾಗದಲ್ಲಿ ನಾಲ್ಕು ಬೆರಳು ಕರುಳು ಸೀಳಿ, ಒಳಪೊರೆ ದಪ್ಪಗಿದೆಯೇ, ಪಕ್ಕದ ದುಗ್ಧಗ್ರಂಥಿಗಳು ಉಬ್ಬಿವೆಯೇ ಎಂದು ನೋಡುವುದಕ್ಕೆ ಎರಡು ನಿಮಿಷ. ಕುರಿಯಲ್ಲಿ ಬರಿಗಣ್ಣಿಗೆ ಏನೂ ಕಾಣದೆಯೂ ಇರಬಹುದು, ಅದಕ್ಕೆ ಒಳಪೊರೆಯನ್ನು ಗಾಜಿನ ಪಟ್ಟಿಗೆ ಒರೆಸಿಟ್ಟುಕೊಳ್ಳಬೇಕು. ಮನುಷ್ಯರ ಕಫದಲ್ಲಿ ಕ್ಷಯ ಹುಡುಕಲು ಹಾಕುತ್ತಿದ್ದ ಜೀಲ್-ನೀಲ್ಸನ್ ಬಣ್ಣವನ್ನೇ ಇದಕ್ಕೂ ಹಾಕುವುದು. ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು ಗುಂಪುಗುಂಪಾಗಿ ಕಂಡರೆ ಸಂಶಯ ಗಟ್ಟಿಯಾಯಿತು, ಆಗ ಪಿಸಿಆರ್‌ಗೆ ಕಳಿಸುವುದಕ್ಕೆ ಅರ್ಥ ಬರುತ್ತದೆ. ಸಂತೆಯ ದಿನ ಮಟನ್ ಅಂಗಡಿಯ ಹಿಂದೆಯೂ ಇದೇ ಕೆಲಸ ಸಾಧ್ಯ. ಹಾಗೆ ನೋಡಿದರೆ ನಮ್ಮ ಊರುಗಳಲ್ಲಿ ಬಡಕಲು ಕುರಿಯ ಕರುಳನ್ನು ಅತಿ ಹೆಚ್ಚು ಕಂಡವರು ಕಟುಕರೇ. ಅವರನ್ನು ಯಾರೂ ಏನೂ ಕೇಳಿಲ್ಲ.

ಸೊರಗಿದ್ದೆಲ್ಲ ಜೋನ್ಸ್ ಅಲ್ಲ, ಇದನ್ನು ಒತ್ತಿ ಹೇಳಬೇಕು. ಮೊದಲ ಅನುಮಾನ ಜಂತುಹುಳದ ಮೇಲೇ ಹೋಗಬೇಕು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದ್ದರೆ ಹೊಟ್ಟೆಯ ರಕ್ತ ಹೀರುವ ಹುಳ. ಕಾಲುವೆ ನೀರಿನ ಜವುಗಿನಲ್ಲಿ ಮೇಯ್ದ ಕುರಿಗೆ ಪಿತ್ತಜನಕಾಂಗದ ಚಪ್ಪಟೆಹುಳ. ಹಲ್ಲು ಸವೆದ ಮುದಿಕುರಿ ಮೇಯಲಾರದೆ ಇಳಿಯುತ್ತದೆ. ಗದ್ದದ ಕೆಳಗೆ ನೀರು ತುಂಬುವುದು ಇವುಗಳಲ್ಲೂ ಉಂಟು, ಜೋನ್ಸ್‌ನಲ್ಲೂ ಉಂಟು. ಜಂತಿನ ಔಷಧಿ ಸರಿಯಾದ ಪ್ರಮಾಣದಲ್ಲಿ ಕುಡಿಸಿ, ಮೇವೂ ಇದ್ದು, ಹಲ್ಲೂ ನೆಟ್ಟಗಿದ್ದು, ಎರಡು ವರ್ಷ ದಾಟಿದ ಕುರಿ ತಿಂಗಳಾದರೂ ಏಳದಿದ್ದರೆ ಅದು ನಾವು ಹುಡುಕಬೇಕಾದ ಕುರಿ. ಅಂಥ ಕುರಿಗೆ ಜಂತಿನ ಔಷಧಿಯನ್ನೇ ಮತ್ತೆ ಮತ್ತೆ ಕುಡಿಸುತ್ತ ಹೋಗುವುದು ದುಡ್ಡಿಗೂ ಕೇಡು, ಆ ಔಷಧಿಗೆ ಹುಳುಗಳನ್ನು ಒಗ್ಗಿಸುವ ಕೆಲಸವೂ ಹೌದು.

ತುಂಗಭದ್ರಾ ಎಡದಂಡೆ ಕಾಲುವೆ ಈ ಸೀಮೆಗೆ ಭತ್ತ ತಂದಿತು, ಭತ್ತದ ಕೂಳೆಗೆ ಒಣಭೂಮಿಯ ಮಂದೆಗಳನ್ನೂ ಕರೆತಂದಿತು. ಕುಯ್ಲಾದ ಗದ್ದೆಯಲ್ಲಿ ಮಂದೆ ತರುಬಿ ಗೊಬ್ಬರ ಕೊಡುವುದು, ಪ್ರತಿಯಾಗಿ ಕಾಳೋ ಕಾಸೋ ಪಡೆಯುವುದು ಎರಡೂ ಕಡೆಗೆ ಒಳ್ಳೆಯ ವ್ಯವಹಾರ. ಅದನ್ನು ನಿಲ್ಲಿಸಿ ಎಂದು ಪಟ್ಟಣದಲ್ಲಿ ಕೂತು ಹೇಳುವುದು ಮೂರ್ಖತನ. ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ನೆರಳಿನ ಮಣ್ಣಿನಲ್ಲಿ ಈ ರೋಗಾಣು 55 ವಾರದವರೆಗೆ ಬದುಕಿತು, ಬಯಲ ಬಿಸಿಲಿನಲ್ಲಿ ಅದಕ್ಕಿಂತ ಬಹಳ ಬೇಗ ಸತ್ತಿತು. ರಾಯಚೂರಿನ ಬಿಸಿಲು ಈ ಒಂದು ವಿಷಯದಲ್ಲಾದರೂ ನಮ್ಮ ಕಡೆಗಿದೆ. ಭಯ ಇರುವುದು ಬಯಲ ಗದ್ದೆಗಿಂತ ಹೆಚ್ಚಾಗಿ ಊರ ದಡ್ಡಿಯಲ್ಲಿ, ಮರಿಗಳನ್ನು ಕೂಡುವ ನೆರಳಿನ ಮೂಲೆಯಲ್ಲಿ, ಎಲ್ಲ ಮಂದೆಯೂ ಬಾಯಿ ಹಾಕುವ ನಿಂತ ನೀರಿನಲ್ಲಿ. ಮರಿಗಳ ಗೂಡನ್ನು ಬಡಕಲು ಕುರಿಗಳಿಂದ ದೂರ ಇಡುವುದಕ್ಕೆ ಲ್ಯಾಬಿನ ಚೀಟಿ ಬೇಕಿಲ್ಲ.

ಇಷ್ಟರ ಮೇಲೂ ಪತ್ತೆ ಯಾಕೆ ಆಗುತ್ತಿಲ್ಲ ಎಂದರೆ ಕಾರಣ ವಿಜ್ಞಾನದಲ್ಲಿಲ್ಲ. ಸೊರಗಿದ ಕುರಿಯನ್ನು ಮೊದಲು ಗುರುತಿಸುವುದು ಕುರಿಗಾರನ ಕಣ್ಣು. ಗುರುತಿಸಿದ ಮರುವಾರವೇ ಅದು ಸಂತೆಯಲ್ಲಿರುತ್ತದೆ, ಯಾಕೆಂದರೆ ಸಂತೆಯಲ್ಲಿ ಎರಡು ಸಾವಿರವಾದರೂ ಬರುತ್ತದೆ, ಆಸ್ಪತ್ರೆಗೆ ಹೇಳಿದರೆ ಬರುವುದು 'ಕಡಿದು ಹೂಳಿ' ಎಂಬ ಮಾತು. ಕೊಂಡವನು ಅದನ್ನು ಕಡಿದರೆ ಸರಿ; ಮೇಯಿಸಿ ಮಾರುತ್ತೇನೆಂದು ಇನ್ನೊಂದು ದಡ್ಡಿಗೆ ಸೇರಿಸಿದರೆ ರೋಗವೂ ಅಲ್ಲಿ ಇಳಿಯಿತು. ಪರಿಹಾರ ಸತ್ತ ಕುರಿಗೆ ಮಾತ್ರ ಎಂಬ ನಿಯಮ ಇರುವತನಕ ಈ ದಾರಿ ಬದಲಾಗುವುದಿಲ್ಲ. ಅನುಗ್ರಹದ ಹಣದಲ್ಲೇ ಒಂದು ಪಾಲನ್ನು, ಪರೀಕ್ಷೆಯಲ್ಲಿ ರೋಗ ಖಚಿತವಾಗಿ ಮಂದೆಯಿಂದ ತೆಗೆದ ಕುರಿಗೆ ಮೀಸಲಿಡಲು ಸರ್ಕಾರಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಆದೇಶ ಸಾಕು. ಮೂರು ತಾಲ್ಲೂಕಿನ ಪಶು ಆಸ್ಪತ್ರೆಗಳಿಗೆ ಬಣ್ಣದ ಶೀಶೆ, ಗಾಜಿನ ಪಟ್ಟಿ, ನೆಟ್ಟಗೆ ಕಾಣುವ ಒಂದು ಮೈಕ್ರೋಸ್ಕೋಪು, ತಿಂಗಳಿಗೊಮ್ಮೆ ಬೀದರಿಗೋ ಹೆಬ್ಬಾಳಕ್ಕೋ ಹೋಗುವ ಸ್ಯಾಂಪಲ್ ಡಬ್ಬಿ, ಇಷ್ಟನ್ನು ಕೊಟ್ಟು ಒಂದು ವರ್ಷ ನೋಡಲಿ. ಸೊರಗಿದ ಕುರಿಗೆ ಸಂತೆಯ ದರಕ್ಕಿಂತ ಐನೂರು ರೂಪಾಯಿ ಹೆಚ್ಚು ಸಿಗುವುದಾದರೆ ಕುರಿಗಾರ ಅದನ್ನು ತಾನೇ ಹೊಡೆದುಕೊಂಡು ಆಸ್ಪತ್ರೆಯ ಬಾಗಿಲಿಗೆ ತರುತ್ತಾನೆ.