ಅಮ್ಮನಿಗೂ ಹಬ್ಬ

ಡಿಸೆಂಬರ್ 24ರ ನಡುರಾತ್ರಿಯ ಬಲಿಪೂಜೆ ಮುಗಿಸಿ ಬಂದು ಮಲಗುವಾಗ ಗಂಟೆ ಎರಡು. ಬೆಳಗಾದರೆ ಮಕ್ಕಳು ಗೋದಲಿಯ ಮುಂದೆ, ಅಪ್ಪ ನೆಂಟರ ಮುಂದೆ, ಅಮ್ಮ ಒಲೆಯ ಮುಂದೆ. ಬಿರಿಯಾನಿ, ಕಬಾಬು ಎಲ್ಲ ಮುಗಿಯುವ ಹೊತ್ತಿಗೆ ಆಕೆಗೆ ಹಸಿವೇ ಸತ್ತಿರುತ್ತದೆ. ಈ ಸಲ ಸ್ವಲ್ಪ ಬದಲಾಯಿಸೋಣವೇ?

ಕ್ರಿಸ್‌ಮಸ್ ಬರುವುದೇ ಅವರೆಕಾಯಿಯ ಕಾಲದಲ್ಲಿ. ಹೊಸಕೋಟೆ, ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಸೊಗಡಿನ ಕಾಯಿ ರಾಶಿ ಬಿದ್ದಿರುತ್ತದೆ. ಐದು ಜನಕ್ಕೆ ಎರಡು ಕಿಲೋ ಸಾಕು. 24ರ ಬೆಳಿಗ್ಗೆಯೇ ಕಾಳು ಬಿಡಿಸಿ ನೆನೆಹಾಕಿ. ಸಂಜೆ ಮನೆಮಂದಿಯೆಲ್ಲ ಸುತ್ತ ಕುಳಿತು ಹಿತುಕಿ. ಕಾಳು ಚಿಮ್ಮಿ ಯಾರ ಮೂಗಿಗೆ ಬಡಿಯಿತೆಂದು ನಗುವಷ್ಟರಲ್ಲಿ ಬೇಳೆ ಸಿದ್ಧ! ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ ಹುರಿದು, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ತೆಂಗಿನತುರಿಯೊಂದಿಗೆ ರುಬ್ಬಿ ಫ್ರಿಜ್ಜಿನಲ್ಲಿಡಿ. ಮರುದಿನ ಅರ್ಧ ಗಂಟೆಯಲ್ಲಿ ಹಿತಕಿದ ಬೇಳೆ ಸಾರು. ಕೋಳಿ ಬೇಕೆನ್ನುವವರಿಗೂ ಇದೇ ಮಸಾಲೆ ಆದೀತು.

ಜೊತೆಗೆ ಬಿಸಿ ರಾಗಿಮುದ್ದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮುದ್ದೆಕೋಲು ಹಿಡಿದು ತೊಳಸುವ ಕೆಲಸ ಅಪ್ಪನದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ದೇವನಹಳ್ಳಿಯ ಚಕ್ಕೋತ ಸಿಕ್ಕಿದರೆ, ಮಕ್ಕಳೇ, ನೀವು ತೊಳೆ ಬಿಡಿಸಿ ಬೆಲ್ಲದ ಪುಡಿ ಉದುರಿಸಿ. ಕೇಕು ಬೇಕರಿಯಿಂದ ಬರಲಿ.

“ಬಿರಿಯಾನಿ ಇಲ್ಲದ ಕ್ರಿಸ್‌ಮಸ್ಸೇ?” ಎಂದು ಅಜ್ಜಿ ಕೇಳಬಹುದು. ಬೆತ್ಲೆಹೇಮಿನ ಗೋದಲಿಯಲ್ಲಿ ಔತಣವೇನೂ ಇರಲಿಲ್ಲವಲ್ಲ ಎಂದು ಮೆಲ್ಲಗೆ ಹೇಳಿ, ಮುದ್ದೆಯ ಮೇಲೆ ಒಂದು ಚಮಚ ತುಪ್ಪ ಹಾಕಿ. ಒಂದನ್ನು ಮಾತ್ರ ಮರೆಯಬೇಡಿ: ಎಲ್ಲರ ತಟ್ಟೆಯ ಜೊತೆಗೇ ಅಮ್ಮನ ತಟ್ಟೆಯನ್ನೂ ಇಡಿ.